ಎದ್ಯಾಗಿನ ಕದ

ಸೋಲಾಪುರದ ಡಾಕ್ಟರು ಝಡಪ ಅಂದ್ರು,
ಗುರುಶಾಂತ ವಾಲ್ವ್ ಅಂದ,
ನಮ್ಮತ್ತಿ ಕದ ಅಂದಳು. ಕದ ಅನ್ನೂದ ಉಳೀತು.

ಮೊದಲನೆ ವರ್ಷ ನನಗ ನಿದ್ದಿ ಇಲ್ಲ.
ಮಗ್ಗಲಾಗ ಮಲಗಿದರ ಟಕ್, ಟಕ್,
ಉಗುರಿನಿಂದ ತಾಟು ಬಡದಂಗ.
"ಸುಗಲಾ, ನಾ ಅಲ್ಲ ಅದು, ಕಂಪನಿ ಮಾಲು" ಅಂತಿದ್ದ.
ಮಗಾ ಕಿವಿ ಹಚ್ಚಿ ನೂರರ ತನಕ ಎಣಸಲಾಕ ಕಲತದ್ದು
ಅಂಗನವಾಡ್ಯಾಗಲ್ಲ, ಅಪ್ಪನ ಎದಿ ಮ್ಯಾಲ.
ಆಮ್ಯಾಲ ಆಮ್ಯಾಲ, ತವರಿಗೆ ಹೋದರ
ಆ ಸಪ್ಪಳ ಇಲ್ಲದ ಕಣ್ಣ ಹತ್ತತಿರಲಿಲ್ಲ.

ಏಳು ವರ್ಷ. ದಿನಾ ಸಂಜಿಗೆ ರಕ್ತ ತೆಳು ಮಾಡು ಗುಳಿಗಿ,
ತಿಂಗಳಿಗೊಮ್ಮೆ ದುಧನಿಯಿಂದ ಪ್ಯಾಸೆಂಜರ್ ಗಾಡಿ, ರಕ್ತದ ತಪಾಸಣಿ,
ಮೆಂತೆ ಪಲ್ಲೆ ಅಂದ್ರ ಅಳತಿ ಮಾಡಿ ಬಡಸೂದು.
ಇಷ್ಟೆಲ್ಲಾ ಲೆಕ್ಕ ಇಟ್ಟವಗ
ದವಡಿ ಹಲ್ಲು ಲೆಕ್ಕಕ್ಕ ಬರಲಿಲ್ಲ.
ಶ್ರಾವಣದಾಗ ಪ್ಯಾಟ್ಯಾಗ ಕೀಳಿಸಿಕೊಂಡು ಬಂದ, ಅರಳಿ ಕಚ್ಚಿ.
ಎದಿ ಸುದ್ದಿ ಅಲ್ಲಿ ಹೇಳಲೇ ಇಲ್ಲ.
ಹಲ್ಲಿಗೂ ಎದಿಗೂ ಏನ ಸಂಬಂಧ?

ಶೀಗಿ ಹುಣ್ಣಿವಿಗೆ ಜ್ವರ. ಹೋತು. ಮತ್ತ ಬಂತು,
ಸಂಜಿಗೊಮ್ಮೆ, ಬಾಕಿ ಕೇಳಾಂವ ಬಂದಂಗ.
ಟೈಫಾಯ್ಡ್ ಅಂದ್ರು, ಸಲಾಯಿನ್ ಹಚ್ಚಿದ್ರು.
ಉಗುರಿನ ಬುಡಕ ಕೆಂಪು ಗೆರಿ ಮೂರು.
"ಟೇಲರಗ ಸೂಜಿ ಚುಚ್ಚಲಾರದ ಇರತದೇನ?"
ಸೂಜಿ ಬೆರಳಿನ ತುದಿಗೆ ಚುಚ್ಚತದ, ಉಗುರಿನ ಒಳಗಲ್ಲ.
ನನಗ ಗೊತ್ತಿತ್ತು. ಸುಮ್ಮನಿದ್ದೆ.

ಒಂದಿನ ನಡರಾತ್ರಿ ಎಚ್ಚರಾತು.
ಸಪ್ಪಳ ಇತ್ತು. ಆದರ ಹಸಿ ಇತ್ತು,
ಬಾಬಿನ್ನಿನ ಮನ್ಯಾಗ ದಾರದ ಗಂಟು ಸಿಕ್ಕರ
ಮಶೀನು ಹೆಂಗ ಕೆಮ್ಮತದ, ಹಂಗ.
ಲೈಟ್ ಹಚ್ಚಿದೆ. ನೋಡಲಾಕ ಏನಿತ್ತು?

ಈಗ ಸೋಲಾಪುರ. ಮೂರ ಬಾಟ್ಲಿ ರಕ್ತ ತಗೊಂಡು
ಕಾಳು ನೆನಿ ಇಟ್ಟಂಗ ಬೆಚ್ಚಗ ಇಟ್ರು.
ಎರಡು ದಿನ ಏನೂ ಇಲ್ಲ. ಐದನೇ ದಿನಕ್ಕ ಮೊಳೀತು.
ಅವನ ಬಾಯಾಗ ಇಷ್ಟ ವರ್ಷ
ಯಾರ ತಂಟೆಕ್ಕೂ ಹೋಗದ ಬಾಳಿದ ಹುಳ
ಕದದ ಚೌಕಟ್ಟಿಗೆ ಗೂಡು ಕಟ್ಟ್ಯಾವ.
ಆರು ವಾರ ಸೂಜಿ. ಅದಕ್ಕೂ ಬಗ್ಗದಿದ್ದರ
ಎದಿ ಮತ್ತ ತೆರಿಯೂದು.
"ಬಿಚ್ಚಿ ಹೊಲದ ಅಂಗಿ ಎಷ್ಟ ದಿನ ಬರತದ
ನನಗ ಕೇಳು" ಅಂದ. ನಾ ಕೇಳಲಿಲ್ಲ.

ಮಗಾ ಫೋನ್ ಮಾಡ್ಯಾನ: ಅಪ್ಪನ ಎದಿಗೆ ಹಿಡಿ.
ಹಿಡದೀನಿ. ವಾರ್ಡಿನ ಫ್ಯಾನು, ಬಾಜೂ ಕಾಟಿನ ಕೆಮ್ಮು,
ಅದರಾಗ ಆ ಕಡಿಂದ ಸಣ್ಣ ದನಿ,
ಇಪ್ಪತ್ತಾರು, ಇಪ್ಪತ್ತೇಳು,
"ಅವ್ವಾ, ನಡಕ ಒಂದ ತಪ್ಪತು.
ನನಗ ತಪ್ಪತೋ, ಅಪ್ಪಗ ತಪ್ಪತೋ?
ತಡಿ, ಮತ್ತ ಒಂದರಿಂದ ಎಣಸ್ತೀನಿ."