ಹದಿನೇಳನೆಯ ನಂಬರು

ಜಪ್ತಿ ಯಾದಿ ಬರೆದವನು ನಾನೇ.
ಮಾಮಲೇದಾರ ಕಚೇರಿಯ ಕಿರಿಯ ಕಾರಕೂನ,
ತಿಂಗಳಿಗೆ ಹದಿನೆಂಟು ರೂಪಾಯಿ,
ವರ್ಷಕ್ಕೆರಡು ಡಬ್ಬಿ ಮಸಿಗುಳಿಗೆ. ಅದಕ್ಕೂ ಲೆಕ್ಕ.

ಅದರ ಹಿಂದಿನದನ್ನೆಲ್ಲ ಬರೆದವನೂ ನಾನೇ:
ಎತ್ತು ಅಡವಿ ಹೊಕ್ಕರೆ ಎಂಟಾಣೆ,
ತಲೆಹೊರೆ ಕಟ್ಟಿಗೆಗೆ ಒಂದಾಣೆ,
ರೂಪಾಯಿ ಸಾರಾಕ್ಕೆ ಇನ್ನೊಂದಾಣೆ ಲೋಕಲ್ ಫಂಡು.
ಬಸರೀಕೊಪ್ಪದಲ್ಲಿ ಆ ಫಂಡಿನ ಮುಖ ಕಂಡವರಿಲ್ಲ,
ಹಳ್ಳಕ್ಕೆ ಸೇತುವೆಯೂ ಇಲ್ಲ.
ಉಪ್ಪಿನ ಸುಂಕ ಮಾತ್ರ ನನ್ನ ಯಾವ ಕಾಲಮಿನಲ್ಲೂ ಇರಲಿಲ್ಲ,
ಅವರ ಸಾರಿನಲ್ಲಿತ್ತು.

ಹತ್ತಿಯ ದರ ಇಳಿದ ಸುದ್ದಿ
ಲಿವರ್‌ಪೂಲಿನಿಂದ ತಂತಿ ಹಿಡಿದು ಬರುತ್ತಿತ್ತು,
ಮುಂಜಾನೆ ಅಡತಿ ಅಂಗಡಿಗೆ, ಸಂಜೆಗೆ ಹೊಲಕ್ಕೆ.
ಸಾರಾ ಇಳಿದ ಸುದ್ದಿ ಯಾವ ತಂತಿಗೂ ಹತ್ತಲಿಲ್ಲ.

ಅರ್ಜಿ ಕೊಟ್ಟರು. ಕೆಂಪು ಮಸಿಯಲ್ಲಿ ಸಾಹೇಬರ ಷರಾ:
ಕಾರಣ ಕಾಣುವುದಿಲ್ಲ. ಕನ್ನಡಕ್ಕೆ ತಂದವನು ನಾನು.
ಎರಡನೆಯದಕ್ಕೆ ಹೆಬ್ಬೆಟ್ಟು ನಲವತ್ತು,
ಮೂರನೆಯದಕ್ಕೆ ನೂರಾ ಹನ್ನೊಂದು.
ನಾಲ್ಕನೆಯದು ಬರಲೇ ಇಲ್ಲ.
ಬಾರದ ಅರ್ಜಿಗೆ ಹೆದರಬೇಕೆಂದು
ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಲಿಲಾವಿನ ದಿನ ಗುತ್ತೆಪ್ಪ ಹಲಗೆ ಬಡಿದ.
ಸರಕಾರಿ ಕೂಲಿ, ಎರಡಾಣೆ.
ಮಣ್ಣಿಗೆ ಬಂದವನ ಹಾಗೆ ಬಡಿದ.
ಹುಣಸೀಮರದ ಕೆಳಗೆ ಊರಿಗೆ ಊರೇ ಬಂದಿತ್ತು,
ಕೂಗಲಿಕ್ಕಲ್ಲ, ನೋಡಲಿಕ್ಕೆ.

ಒಂದು ಕಬ್ಬಿಣದ ಕುಂಟೆ. ಕೂಗಿದವರಿಲ್ಲ.
ಎರಡು ಹಿತ್ತಾಳಿ ಗಂಗಾಳ. ಕೂಗಿದವರಿಲ್ಲ.
ಒಂದು ತೊಟ್ಟಿಲು, ಹಾಸಿಗೆ ಸಹಿತ.
ಇಲ್ಲಿ ಫೌಜದಾರ ಗಂಟಲು ಸರಿಮಾಡಿಕೊಂಡ.
ಹದಿನೇಳು: ಹಾಲವ್ವನ ತಾಮ್ರದ ಕೊಡ, ಅಂಚಿಗೆ ನೆಗ್ಗು.
“ಬರಕೋರಿ,” ಅಂದಳಾಕೆ, “ನೆಗ್ಗೂ ಬರಕೋರಿ.
ನಾಳೆ ನಾವು ಮಾಡಿದ್ದಲ್ಲ ಅನಬ್ಯಾಡ್ರಿ.”

ಬ್ಯಾಡಗಿಯ ವಿರುಪಣ್ಣ, ಮೆಣಸಿನಕಾಯಿ ಅಡತಿಯವ,
ಕೂಗಿದ: ಆರಾಣೆ.
ಗುತ್ತೆಪ್ಪನ ಕೋಲು ಅರ್ಧಕ್ಕೆ ನಿಂತಿತು.
ಯಾರೂ ಬೈಯಲಿಲ್ಲ. ಚಕ್ಕಡಿಗೆ ದಾರಿ ಬಿಟ್ಟರು.
ಅವನ ಎತ್ತುಗಳಿಗೆ ನೀರು ಕೊಟ್ಟರು, ಅವನಿಗೆ ಕೊಡಲಿಲ್ಲ.

ವಾರದೊಳಗೆ ಅವನ ಅಂಗಳದಲ್ಲಿ ಮುನ್ನೂರು ಚೀಲ.
ಮೌಲಾಲಿ ಹಮಾಲ ಕೊಕ್ಕೆ ಹೆಗಲಿಗೇರಿಸಿ ಕೂತಿದ್ದಾನೆ.
“ಯಾಕೋ?”
“ಆ ಕೊಡಾ ಭಾಳ ವಜ್ಜ ಐತಂತ್ರಿ ಧಣೀ.
ಮೊದಲ ಅದನ್ನ ಇಳಸ್ರಿ, ಆಮ್ಯಾಲ ಚೀಲಾ.”
ತೂಕದವನಿಗೆ ಕಣ್ಣುಬೇನೆ,
ಹಡಪದವನು ಬೀಗರ ಊರಿಗೆ.
ಮೂರನೇ ದಿನ ಅಕಾಲದ ನಾಲ್ಕು ಹನಿ ಬಿದ್ದು
ಕೆಂಪು ಕಾಯಿ ಕರಗಾಗತೊಡಗಿತು.
ಆ ರಾತ್ರಿ ಕೊಡ ಕಚೇರಿಯ ಕಟ್ಟೆ ಮೇಲಿತ್ತು.
ಆರಾಣೆ ವಾಪಸು ಕೇಳಲು ವಿರುಪಣ್ಣ ಬರಲಿಲ್ಲ.

ಆಮೇಲಿನದನ್ನು ದೊಡ್ಡವರು ಬರೆದಿದ್ದಾರೆ:
ಲಾಠಿ, ಹಿಂಡಲಗಿ ಜೈಲು, ಕತ್ತರಿಸಿದ ತಂತಿ, ಸುಟ್ಟ ಚಾವಡಿ.
ಅಲ್ಲಿ ಮೊದಲು ಹೊತ್ತಿಕೊಂಡದ್ದು
ನನ್ನ ಅಕ್ಷರವೇ ಎಂದು ಕೇಳಿ
ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ನೌಕರಿ ಬಿಡಲಿಲ್ಲ ನಾನು. ಪೆನ್ಶನ್ನೂ ಬಂತು.
ಮಾಡಿದ್ದು ಇಷ್ಟು: ಹರಾಜು ಮುಂದೂಡಿದೆ ಎಂದು ಬರೆ
ಎಂದಾಗ, ಕಿವಿ ಕೇಳಿಸದವನಂತೆ
ಕೂಗಿದವರಿಲ್ಲ, ಕೂಗಿದವರಿಲ್ಲ ಎಂದು
ಪುಟದ ತಳದವರೆಗೂ ಬರೆದದ್ದು.

ವರ್ಷಗಳು ಕಳೆದು, ಜಪ್ತಿ ಮಾಲು ತಿರುಗಿ ಕೊಡುವ ಹುಕುಂ ಬಂತು.
ಹಾಲವ್ವ ಹೆಬ್ಬೆಟ್ಟೊತ್ತಿ, ನೆಗ್ಗು ತಡವಿ ನೋಡಿ,
ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕಿದಳು.
ಕೆಂಪು ಬಣ್ಣದ ಹದಿನೇಳು ಹೋಗಲಿಲ್ಲ.

ಆ ಓಣಿ ಹಾಯುವಾಗ ನೋಡುತ್ತೇನೆ:
ಕಟ್ಟೆ ಮೇಲೆ ನೀರು ತುಂಬಿದ ಕೊಡ,
ನಂಬರು ಬೀದಿಗೆ ಮುಖ ಮಾಡಿ.
“ನೀರು ಬೇಕೇನ್ರಿ, ಕಾರಕೂನರ?”
ಎಷ್ಟೋ ಸಲ ಬೇಡವೆಂದು ಕೈ ಅಲ್ಲಾಡಿಸಿದ್ದೇನೆ.
ಒಂದು ಸಲ ಕುಡಿದೆ.
ತುಸು ಉಪ್ಪುಪ್ಪು. ಆ ಓಣಿಯ ಬಾವಿಯ ನೀರೇ ಹಾಗೆ.