ಶಿಫಾರಸು ಪತ್ರ, ಮೂರನೇ ಕರಡು

ನೂರರಲ್ಲಿ ಮೊದಲ ಇಬ್ಬರೊಳಗೋ, ಐವರೊಳಗೋ, ಹತ್ತರೊಳಗೋ,
ಕೇಳುತ್ತದೆ ಪರದೆ.
ತರಗತಿಯಲ್ಲಿ ಇದ್ದದ್ದೇ ಹದಿನಾಲ್ಕು ಹುಡುಗಿಯರು,
ಮೂವರಿಗೆ ನಡುವೆಯೇ ಮದುವೆ.

ಅಡ್ಡಹೆಸರು ಕಡ್ಡಾಯ, ಪಕ್ಕದಲ್ಲಿ ಕೆಂಪು ಚುಕ್ಕಿ.
ಸುಂಕಮ್ಮನಿಗೆ ಇದ್ದದ್ದು ಒಂದೇ ಹೆಸರು, ಬಾಲಕ್ಕೊಂದು ‘ಕೆ’.
ಪಾಸ್‌ಪೋರ್ಟಿನವರು ಅದನ್ನೂ ಬಿಡಿಸಿ ಬರೆಯಿರಿ ಅಂದರು.
ಈಗ ಇಡೀ ಕೊಳಗಲ್ಲು ಅವಳ ಬೆನ್ನಿಗೆ ಕೂತಿದೆ,
ಬಸ್ ಸ್ಟಾಪು, ಬೇವಿನಕಟ್ಟೆ ಸಮೇತ.
ಅಲ್ಲಿಯವರ ನಾಲಗೆಗೆ ‘ಳ’ ಹೊರಳೀತೇ ಎಂದು
ಇಬ್ಬರೂ ನಕ್ಕೆವು.

ಮೊದಲ ಕರಡಿನಲ್ಲಿ ನಾನು ಬರೆದಿದ್ದೆ:
ಕೌಲ್ ಬಜಾರಿನ ಜೀನ್ಸ್ ಘಟಕದಲ್ಲಿ ಇವಳ ತಾಯಿ
ದಿನಕ್ಕೆ ಇನ್ನೂರು ಪ್ಯಾಂಟಿನ ದಾರದ ತುದಿ ಕತ್ತರಿಸುತ್ತಾಳೆ,
ಉಗುರಿನ ಸುತ್ತ ನೀಲಿ,
ರೊಟ್ಟಿಹಿಟ್ಟು ನಾದಿದರೂ ಬಿಡದ ನೀಲಿ.
ಒಳ್ಳೆಯ ವಾಕ್ಯ. ನನಗೇ ಕಣ್ಣು ತುಂಬಿತ್ತು.

ಓದಿದಳು.
‘ಅದು ಬ್ಯಾಡ್ರಿ ಮೇಡಂ.
ಅಮ್ಮನ ಬೆರಳು ಅಮ್ಮಂದು.
ನಂದೇನೈತೋ ಅದನ್ನ ಬರೀರಿ.’

ನಿಂದೇನೈತಿ, ಸುಂಕಮ್ಮ?
ಸೋಮವಾರ ನೀಲಿ, ಶನಿವಾರ ಬೂದಿ,
ಚರಂಡಿ ಯಾಕೆ ಹೀಗೆ ಎಂದು ಎರಡನೇ ಸೆಮಿಸ್ಟರಿನಲ್ಲಿ ಕೇಳಿದೆ.
ಸಿಲೆಬಸ್ಸಿನಲ್ಲಿಲ್ಲ ಅಂದಿದ್ದೆ.
(ಇದನ್ನು ಯಾವ ಕರಡಿನಲ್ಲೂ ಹಾಕಿಲ್ಲ.)
ಮರುವಾರ ಕಿಟಕಿಕಟ್ಟೆಯ ಮೇಲೆ ಏಳು ಬಾಟಲಿ.
ಬಣ್ಣ ಅಳೆಯುವ ಯಂತ್ರ ಕೆಟ್ಟು ಮೂರು ವರ್ಷ;
ನೀನು ಹನಿಹನಿ ತೆಳುಮಾಡಿ, ಸಾಲಾಗಿ ನಿಲ್ಲಿಸಿ,
ಬೆಳಿಗ್ಗೆ ಹತ್ತರಿಂದ ಹತ್ತೂವರೆಯ ಬೆಳಕಿನಲ್ಲಷ್ಟೇ ನೋಡಿ
ಕಣ್ಣಳತೆಗೇ ಒಂದು ಮಾಪು ಕಟ್ಟಿದೆ.

ಶೇಂಗಾ ಸಿಪ್ಪೆ ಸುಟ್ಟು ಕರಿಮಾಡಿ ಸಲೈನ್ ಬಾಟಲಿಗೆ ತುಂಬಿ
ಮೇಲಿಂದ ಚರಂಡಿ ಸುರಿದರೆ
ಕೆಳಗಿಳಿದದ್ದು ಬರೀ ನೀರು.
ಸ್ಟಾಫ್ ರೂಮು ಎದ್ದು ಬಂದು ಚಪ್ಪಾಳೆ ತಟ್ಟಿತು.
ನೀನೊಬ್ಬಳು ಆ ಕರಿಯನ್ನೇ ನೋಡುತ್ತ,
‘ಬಣ್ಣ ಹೋಗಿಲ್ರಿ, ಜಾಗ ಬದಲು ಮಾಡೈತಿ ಅಷ್ಟೆ.
ಇದನ್ನ ಈಗ ಎಲ್ಲಿ ಚೆಲ್ಲೋದು?’

ಚಪ್ಪಾಳೆ ನಿಂತಿತು.
ಅದನ್ನೇ ಬರೆದಿದ್ದೇನೆ, ಒಂದು ಪ್ಯಾರಾ, ಬೇರೇನಿಲ್ಲ.
ಆ ದೊಡ್ಡ ಪ್ರಯೋಗಾಲಯದವರಿಗೂ ಉತ್ತರ ಗೊತ್ತಿಲ್ಲದಿರಬಹುದು.
ಗೊತ್ತಿಲ್ಲ ಎಂದು ಖಾತ್ರಿಮಾಡಿಕೊಳ್ಳುವ ಯಂತ್ರಗಳಾದರೂ ಅಲ್ಲಿವೆ.

ಕೊನೆಯ ಪ್ರಶ್ನೆ:
ವ್ಯಾಸಂಗ ಮುಗಿದ ಮೇಲೆ ಅಭ್ಯರ್ಥಿ ತನ್ನ ದೇಶಕ್ಕೆ ಮರಳುವರೆಂದು ನಂಬುವಿರಾ?
ಹೌದು. ಇಲ್ಲ. ನಡುವೆ ಏನೂ ಇಟ್ಟಿಲ್ಲ.
ಹೌದು ಒತ್ತಿದೆ. ತೆಗೆದೆ.
ಅವಳನ್ನು ಕೇಳಿದ್ದರೆ
ಪ್ರಶ್ನೆಯಲ್ಲೇ ಏನೋ ತಪ್ಪು ಹಿಡಿಯುತ್ತಿದ್ದಳು.
ಮತ್ತೆ ಒತ್ತಿದೆ.

ಗಡುವು ಅವರ ನಡುರಾತ್ರಿಗೆ, ನಮ್ಮ ನಾಲ್ಕೂವರೆಗೆ.
ನಿನ್ನೆಯ ಬಿಸಿಲು ಕೋಟೆಗುಡ್ಡದ ಬಂಡೆಯಲ್ಲಿ ಇನ್ನೂ ಆರಿಲ್ಲ.
ಪರದೆಯ ಮೇಲೊಂದು ಬಿಳಿ ಬಳೆ
ತಿರುಗುತ್ತಿದೆ, ತಿರುಗುತ್ತಲೇ ಇದೆ.

ಲ್ಯಾಬಿನ ಕಿಟಕಿಯಲ್ಲಿ ಆರು ಬಾಟಲಿ ತೊಳೆದು ಬೋರಲಿಟ್ಟಿದ್ದಾಳೆ.
ಏಳನೆಯದು ಹಾಗೇ ಇದೆ,
ಕೊರಳಿಗೆ ಅವಳ ದುಂಡು ಅಕ್ಷರದ ಚೀಟಿ:
ತಳ ಕೂರುತ್ತಿದೆ. ಅಲುಗಿಸಬೇಡಿ.