ಮಂಡಿಪೇಟೆಯಲ್ಲೊಂದು ಅಂದಾಜು

ಮೊದಲೇ ಹೇಳಿದೆ: ನಾನು ಕೊಳ್ಳುವವನಲ್ಲ,
ಇಷ್ಟಕ್ಕೆ ಹೋದೀತು ಎನ್ನುವವನು.
ಮಂಡಿಪೇಟೆಯ ಈ ಓಣಿಯಲ್ಲಿ, ಮೆಣಸಿನಕಾಯಿ ಘಾಟಿಗೆ ಸೀನುತ್ತ
ಮೂವತ್ತೊಂದು ವರ್ಷ ನಳಿಗೆಗಳ ಬಾಯೊಳಗೆ ಇಣುಕಿದ್ದೇನೆ.
ಒಂದೂ ತಿರುಗಿ ಮಾತಾಡಿಲ್ಲ, ಪುಣ್ಯ.

ಆಕೆ ಒಬ್ಬರೇ ಬಂದಿದ್ದರು. ನೀಲಾಂಬಿಕಮ್ಮ.
ಬಟ್ಟೆಚೀಲದಿಂದ ಮೊದಲು ಕೊತ್ತಂಬರಿ ಕಟ್ಟು ತೆಗೆದು
ಬಾಡದ ಹಾಗೆ ಫ್ಯಾನಿನಿಂದ ದೂರ ಇಟ್ಟರು.
ಆಮೇಲೆ ಲೈಸೆನ್ಸ್ ಪುಸ್ತಕ, ಮರಣಪತ್ರದ ಜೆರಾಕ್ಸು,
ಠಾಣೆಯ ಚೀಟಿ,
ಎಲ್ಲಕ್ಕೂ ಕೆಳಗೆ, ತೊಗಲಿನ ಒರೆಯಲ್ಲಿ, ಅದು.
"ನಮ್ಮೆಜಮಾನ್ರದ್ದು. ಕೊಟ್ರಬಸಪ್ಪ.
ಹತ್ತಿ ಗಿರಣ್ಯಾಗ ಕ್ಯಾಶಿಯರ್ ಇದ್ರು.
ಎಷ್ಟಕ್ ಹೋಗ್ತೈತಿ ನೋಡ್ರಿ ಬುಡೇನ್ ಸಾಬ್ರ."

ನೋಡಿದೆ.
ಚಿಲಕ ಒತ್ತಿದರೆ ಕತ್ತು ಬಗ್ಗಿಸಿತು. ಆರೂ ಮನೆ ಖಾಲಿ.
ನಳಿಗೆಯ ತುದಿಗೆ ಬಿಳಿ ಕಾಗದದ ಚೂರು ಹಿಡಿದು
ಹಿಂದಿನಿಂದ ಕಣ್ಣಿಟ್ಟೆ.
ಕದಿರಿಗೆ ಸುತ್ತಿದ ನೂಲಿನ ಹಾಗೆ ಬೆಳಕು
ತಿರುಗುತ್ತ ಬಂತು. ಎಲ್ಲೂ ಎಳೆ ಕಡಿದಿಲ್ಲ.
ಸೀಮೆಯ ಮಾಲು; ಹಡಗಿನಲ್ಲಿ ಬರುವುದು ನಿಂತು ಎಷ್ಟೋ ಕಾಲ,
ಈಗ ಅದೇ ಇದರ ಬೆಲೆ.
ಎರಡು ಲಕ್ಷದಿಂದ ಶುರು ಮಾಡಿ ಕಳೆಯತೊಡಗಿದೆ:

ಉರುಳೆ ಅಲುಗುತ್ತದೆ, ಹತ್ತು ಸಾವಿರ.
ಹಿಡಿಯ ಎಡಮಗ್ಗುಲು ಸೀಳಿ, ಯಾರೋ ಫೆವಿಕಾಲ್ ಮೆತ್ತಿದ್ದಾರೆ.
ಸೀಳಿಗೆ ಎರಡು, ಫೆವಿಕಾಲಿಗೆ ಐದು.
"ಒಡೆದದ್ದನ್ನ ಒಡೆದಂಗೇ ತರಬೇಕಿತ್ತಮ್ಮ."
"ನಾನ ಹಚ್ಚಿದ್ದು" ಅಂದರು, ತಪ್ಪೊಪ್ಪಿಗೆಯ ದನಿಯಲ್ಲಲ್ಲ.

ಟ್ರಿಗರಿನ ಬಳೆಯಲ್ಲಿ ನೀಲಿ ಕಿತ್ತುಹೋಗಿ
ಒಂದರ ಪಕ್ಕ ಒಂದು ಬಿಳಿ ಗೀರು.
ಇದೆಲ್ಲಿಯ ಗಾಯ? ಕೇಳಬೇಕಾಗಲಿಲ್ಲ.
ಪ್ರತಿ ಚುನಾವಣೆಗೂ ಠಾಣೆಗೆ ಒಪ್ಪಿಸಬೇಕು,
ಅವರು ತಂತಿ ಬಿಗಿದು ಹೆಸರು ತೂಗಿಸುತ್ತಾರೆ.
ಪಾರ್ಲಿಮೆಂಟು, ಅಸೆಂಬ್ಲಿ, ಮುನಿಸಿಪಾಲಿಟಿ,
ಮಧ್ಯೆ ಒಂದು ಉಪಚುನಾವಣೆ.
ಯಾರು ಯಾರು ಗೆದ್ದರೋ, ಸವೆದದ್ದು ಇದು.
ಗೀರಿಗಿಷ್ಟೆಂದು ಕಳೆಯಲು ಮನಸ್ಸಾಗಲಿಲ್ಲ.
ಒಟ್ಟಿಗೆ ಮೂರು ಸಾವಿರ.

ಅವರು ಹೇಳುತ್ತ ಹೋದರು, ನನಗಲ್ಲ, ಕೊತ್ತಂಬರಿಗೆ:
ಶನಿವಾರ ಶನಿವಾರ ಬ್ಯಾಂಕಿನಿಂದ ಗಿರಣಿಗೆ
ಜಟಕಾದಲ್ಲಿ ಬಟವಾಡೆಯ ಪೆಟ್ಟಿಗೆ, ಸೊಂಟದಲ್ಲಿ ಇದು.
ಗಿರಣಿಗೆ ಬೀಗ ಬಿದ್ದ ಮೇಲೆ ಕಾಯಲು ದುಡ್ಡಿರಲಿಲ್ಲ;
ಇದನ್ನೇ ಕಾಯ್ದರು.
ದಿಂಬಿನಡಿ. ಇಪ್ಪತ್ತೆರಡು ವರ್ಷ.

ಪುಸ್ತಕದಲ್ಲಿ ಗುಂಡು ಇಪ್ಪತ್ತೈದು.
ಡಬ್ಬಿಯಲ್ಲಿ ಇಪ್ಪತ್ತನಾಲ್ಕು.
ಠಾಣೆಯವರು ಎಣಿಸಿರಲಿಲ್ಲ. ನಾನು ಎಣಿಸುತ್ತೇನೆ, ಹಾಳು ಚಟ.
ಮತ್ತೊಮ್ಮೆ ಎಣಿಸಿದೆ.
"ಅದನ್ನ ನಾ ಹಾರಿಸಿದೆ" ಅಂದರು ನೀಲಾಂಬಿಕಮ್ಮ.
"ಅವ್ರು ಹರಿಹರಕ್ಕ ಮದುವಿಗೆ ಹೋಗಿದ್ರು.
ನಮ್ಮಿಬ್ಬರ ನಡುವ ದಿನಾ ಮಲಗೋದು
ಎಂಥಾದ್ದು ಅಂತ ನೋಡಬೇಕಿತ್ತು."

ಅಕ್ಕಿಮೂಟೆಗೆ ಹೊಡೆದರಂತೆ.
ಪಕ್ಕದ ಮನೆಯವರು ಕುಕ್ಕರ್ ಸಿಡಿಯಿತೇ ಎಂದರಂತೆ.
ಹೌದೆಂದರಂತೆ.
ಮೂಟೆ ಹೊಲಿದು, ಚೆಲ್ಲಿದ್ದು ಗುಡಿಸಿ,
ಆ ಅಕ್ಕಿ ಅನ್ನವಾಗಿ ಎರಡು ತಿಂಗಳು ಅವರೂ ಉಂಡರಂತೆ.
ಗಂಡ ಗುಂಡು ಎಣಿಸಿದ್ದರೋ ಇಲ್ಲವೋ.
"ಎಣಿಸಿರ್ತಾರ್ರಿ. ಕ್ಯಾಶಿಯರ್ ಅಲ್ಲೇನು."
ಬಾಯಿ ಬಿಟ್ಟಿರಲಿಲ್ಲ, ಸಾಯುವತನಕ.

ಸೆರಗಿನ ಗಂಟು ಬಿಚ್ಚಿ ಗಾಜಿನ ಮೇಲೆ ಇಟ್ಟರು
ಮೂತಿ ಚಪ್ಪಟೆಯಾದ ಸೀಸದ ಚೂರು.
ಸಾಸಿವೆ ಡಬ್ಬಿಯಲ್ಲಿತ್ತೇನೋ, ಒಂದು ಕಾಳು ಅಂಟಿತ್ತು.
"ಇದಕ್ಕ?"
ಎದುರಿನ ಅಕ್ಕಸಾಲಿಗ ವಿರೂಪಾಕ್ಷಾಚಾರಿಯ ತಕ್ಕಡಿ ತಂದೆ:
ಆರು ಗ್ರಾಂ ಚಿಲ್ಲರೆ. ಗುಜರಿ ದರದಲ್ಲಿ
ಒಂದು ರೂಪಾಯಿಗೆ ಹತ್ತು ಪೈಸೆ ಕಡಿಮೆ.
ಹೇಳಿದೆ. ಮೊದಲ ಸಲ ನಕ್ಕರು,
ಮತ್ತೆ ಗಂಟು ಹಾಕಿಕೊಂಡರು.

ಒಂದು ಲಕ್ಷದ ಎಂಬತ್ತು ಸಾವಿರ ಎಂದು ಬರೆದುಕೊಟ್ಟೆ.
ಚೌಕಾಸಿ ಇಲ್ಲ.
ನಮೂನೆಯಲ್ಲಿ 'ಬಳಕೆ' ಅಂತ ಒಂದು ಸಾಲಿದೆ.
ಅಲ್ಲಿ ಪೆನ್ನು ನಿಂತಿದ್ದಾಗ ಅವರು ಎದ್ದು ಹೊರಟಿದ್ದರು,
ಓಣಿಯ ತುದಿಯಲ್ಲಿ ಒಂದು ಸೀನು ಕೇಳಿಸಿತು.
ಕೊತ್ತಂಬರಿ ಇಲ್ಲೇ ಉಳಿದಿದೆ.